ಕಡ್ಡಿ ಕತ್ತರಿಸುವ ಮುನ್ನ ಗಾಡಿ ನೋಡಿ

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಗಾಡಿಗೆ ವೈರ್‌ಲೆಸ್ ಕೂರಿಸಿಕೊಂಡವರು ಮಾತು ದೂರ ಮುಟ್ಟದಿದ್ದಾಗ ಕೊಡುವ ಕಾರಣಗಳಲ್ಲಿ ಬಹುಪಾಲು ಇದೇ ಬಗೆಯವು. ಗುಡ್ಡ ಅಡ್ಡ ಬಂತು, ಕಟ್ಟಡ ಅಡ್ಡ ಬಂತು, ಸೆಟ್ಟಿನ ಪವರ್ ಸಾಲದು. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನ ಆಸುಪಾಸಿನಲ್ಲಿ ಈ ಸಬೂಬುಗಳು ನಡೆಯುವುದಿಲ್ಲ. ನಾಯಕನಹಟ್ಟಿ ಸೀಮೆಯ ಈ ನೆಲ ಬಹುಮಟ್ಟಿಗೆ ಬಟಾಬಯಲು; ಹುಲ್ಲು, ಅಲ್ಲಲ್ಲಿ ಜಾಲಿ, ದೂರಕ್ಕೆ ಒಂದೊಂದು ಕಲ್ಲುಗುಡ್ಡ. ಇಂಥ ಕಡೆ ಎರಡು ಜೀಪುಗಳ ನಡುವೆ ನಾಲ್ಕೈದು ಕಿಲೋಮೀಟರಿಗೇ ಮಾತು ಕಡಿದುಹೋದರೆ ತಪ್ಪು ನೆಲದ್ದಲ್ಲ, ಗಾಡಿಯ ಮೇಲಿನ ಜೋಡಣೆಯದು. ಆ ಜೋಡಣೆಯಲ್ಲಿ ಕಣ್ಣಿಗೆ ಬೀಳುವುದು ಮೇಲಕ್ಕೆ ನಿಂತ ಕಡ್ಡಿ ಮಾತ್ರ. ಹಾಗಾಗಿ ಟ್ಯೂನಿಂಗ್ ಎಂದರೆ ಕಡ್ಡಿಯನ್ನು ಉದ್ದ ಗಿಡ್ಡ ಮಾಡುವುದು ಎಂಬ ನಂಬಿಕೆ ಬೆಳೆದಿದೆ. ಕಡ್ಡಿ ಅರ್ಧ ಆಂಟೆನಾ ಅಷ್ಟೆ. ಉಳಿದರ್ಧ ಗಾಡಿಯ ತಗಡಿನ ಮೈ. ಆ ಅರ್ಧವನ್ನು ಸರಿಪಡಿಸದೆ ಈ ಅರ್ಧವನ್ನು ಕತ್ತರಿಸುತ್ತ ಹೋದರೆ ಮೀಟರಿನ ಮುಳ್ಳು ಇಳಿಯಬಹುದು, ಮಾತು ಮಾತ್ರ ದೂರ ಹೋಗದು.

ಜಾಗದ ವಿಚಾರ ಮೊದಲು ಮುಗಿಸೋಣ, ಏಕೆಂದರೆ ವರವು ಕಾವಲು ಈಗ ಯಾರು ಬೇಕಾದರೂ ಗಾಡಿ ನುಗ್ಗಿಸಬಹುದಾದ ಬಯಲಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗೆ ಮೀಸಲಾಗಿದ್ದ, ಮ್ಯಾಸನಾಯಕರೂ ಕಾಡುಗೊಲ್ಲರೂ ತಲೆತಲಾಂತರದಿಂದ ದನಕುರಿ ಮೇಯಿಸುತ್ತ ಬಂದ ಹುಲ್ಲುಗಾವಲು ಇದು. ಇದರಲ್ಲಿ 4,290 ಎಕರೆ ಡಿಆರ್‌ಡಿಒಗೆ ಹೋಯಿತು. ಅಲ್ಲಿ ಕಟ್ಟಿದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಾಗ, ಅದು ಪೈಲಟ್ ಇಲ್ಲದೆ ತಾನಾಗಿ ಬಂದು ಇಳಿದದ್ದು ಇದೇ ವಲಯದ ರನ್‌ವೇ ಮೇಲೆ. ಇಲ್ಲಿ ಹಾರುವ ಪೈಲಟ್‌ರಹಿತ ವಿಮಾನಗಳನ್ನು ನಡೆಸುವುದೂ ಅವುಗಳ ಸ್ಥಿತಿಗತಿ ತಿಳಿಯುವುದೂ ರೇಡಿಯೋ ಸಂಪರ್ಕದಿಂದ. ಆದ್ದರಿಂದ ಆ ವಲಯದ ಗೋಡೆಯ ಹತ್ತಿರ ಹೋಗಿ ಸೆಟ್ಟು ಒತ್ತಿ ನೋಡುವುದು ಬೇಡವೇ ಬೇಡ. ಅಳತೆಗೆ ಬೇಕಾದ್ದು ಸುತ್ತ ಹತ್ತಿಪ್ಪತ್ತು ಮೀಟರ್ ತಗಡು, ತಂತಿ, ಮರ ಇಲ್ಲದ ಖಾಲಿ ಜಾಗ; ಒಪ್ಪಿಗೆ ಪಡೆದು ಊರ ಮೈದಾನವನ್ನೋ ಒಕ್ಕಣೆ ಮುಗಿದ ಹೊಲವನ್ನೋ ಬಳಸಿಕೊಂಡರೆ ಸಾಕು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಅಂಥ ಜಾಗಕ್ಕೆ ಬರವಿಲ್ಲ.

ಯಾವ ರೇಡಿಯೋ ಎಂಬುದೂ ಮೊದಲೇ ತೀರ್ಮಾನವಾಗಬೇಕು. ಲಾರಿ ಚಾಲಕರ ಸಿಬಿ ರೇಡಿಯೋ ಅಮೆರಿಕದ್ದು. 1958ರಲ್ಲಿ 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಶುರುವಾಗಿ, 1973ರ ತೈಲ ಬಿಕ್ಕಟ್ಟಿನ ನಂತರ ಹೆದ್ದಾರಿಗಳಲ್ಲಿ ಮನೆಮಾತಾಯಿತು. ಗಾಡಿ ಮೇಲಿನ ಆಂಟೆನಾ ಟ್ಯೂನಿಂಗ್ ಬಗ್ಗೆ ಪ್ರಚಲಿತವಿರುವ ಬರಹಗಳಲ್ಲಿ ಬಹಳಷ್ಟು ಆ ಹಿನ್ನೆಲೆಯವು. ನಮ್ಮಲ್ಲಿ 2005ರ ನಿಯಮದಂತೆ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ ಪರವಾನಗಿ ಬೇಡ ಎಂಬುದು ನಿಜ. ಆದರೆ ಆ ವಿನಾಯಿತಿ 5 ವ್ಯಾಟ್ ಮೀರದ, ಆಂಟೆನಾ ಒಳಗೇ ಜೋಡಿಸಿಕೊಂಡಿರುವ ಸೆಟ್ಟಿಗೆ. ಛಾವಣಿಯ ಮೇಲೆ ಪ್ರತ್ಯೇಕ ಆಂಟೆನಾ ನಿಲ್ಲಿಸಿದೊಡನೆ ಆ ರಿಯಾಯಿತಿಯ ಹೊರಗೆ ಬಂದಂತೆ. ಹಾಗಾಗಿ ಕರ್ನಾಟಕದಲ್ಲಿ ಸಾಮಾನ್ಯ ನಾಗರಿಕರೊಬ್ಬರು ಗಾಡಿಯ ಮೇಲೆ ಆಂಟೆನಾ ಹಾಕಿ ಕಾನೂನುಬದ್ಧವಾಗಿ ಮಾತನಾಡುವ ಸಹಜ ದಾರಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಪರವಾನಗಿ. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಪಡೆಯಬಹುದು. ವಾಹನದಿಂದ ಬಳಸುವವರು ಪರವಾನಗಿಯಲ್ಲಿರುವ ಸ್ಥಳ, ಷರತ್ತುಗಳನ್ನು ಮೊದಲು ಓದಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಸೆಟ್ಟು ಕೊಂಡು ಪರವಾನಗಿ ಇಲ್ಲದೆ ಬಳಸುವುದು ಅಪರಾಧ. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ವಾಕಿಟಾಕಿಗಳ ಆನ್‌ಲೈನ್ ಮಾರಾಟಕ್ಕೇ ಮಾರ್ಗಸೂಚಿ ಹೊರಡಿಸಿದೆ. ಈ ಲೇಖನದ ಲೆಕ್ಕಗಳು ಮುಖ್ಯವಾಗಿ ಹ್ಯಾಮ್‌ಗಳ 144ರಿಂದ 146 ಮೆಗಾಹರ್ಟ್ಸ್ ಬ್ಯಾಂಡಿನವು. 27 ಮೆಗಾಹರ್ಟ್ಸ್‌ನ ಪಾಠಗಳು ಅದರ ಪಕ್ಕದಲ್ಲೇ ಇರುವ 28 ಮೆಗಾಹರ್ಟ್ಸ್ ಹ್ಯಾಮ್ ಬ್ಯಾಂಡಿಗೂ ಅನ್ವಯಿಸುತ್ತವೆ.

ತಗಡಿನ ಮೈಯೇ ಉಳಿದರ್ಧ

145 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು 2.07 ಮೀಟರ್. ಅದರ ಕಾಲು ಭಾಗ 51.7 ಸೆಂಟಿಮೀಟರ್, ಕಡ್ಡಿಯ ದಪ್ಪ, ತುದಿಯ ಪರಿಣಾಮಗಳಿಂದ ವಾಸ್ತವದಲ್ಲಿ 49 ಸೆಂಟಿಮೀಟರ್ ಆಸುಪಾಸು ನಿಲ್ಲುತ್ತದೆ. ಈ ಕಾಲಲೆಯ ಕಡ್ಡಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಕೇಬಲ್ಲಿನ ನಡುತಂತಿಯಿಂದ ಕಡ್ಡಿಗೆ ಎಷ್ಟು ಕರೆಂಟು ಏರುತ್ತದೋ ಅಷ್ಟೇ ಕರೆಂಟು ಕೇಬಲ್ಲಿನ ಹೊರಜಾಲರಿಯ ಕಡೆಯಿಂದಲೂ ಹರಿಯಲೇಬೇಕು. ಹರಿಯಲು ಜಾಗ ಕೊಡುವುದು ಛಾವಣಿಯ ತಗಡು. ಕಡ್ಡಿಯ ಬುಡದಿಂದ ಎಲ್ಲ ಕಡೆಗೂ ಅರ್ಧ ಮೀಟರಿನಷ್ಟಾದರೂ ಅಖಂಡ ತಗಡಿದ್ದರೆ ಕರೆಂಟು ಸಮವಾಗಿ ಹರಡಿಕೊಂಡು ಸಿಗ್ನಲ್ ಎಲ್ಲ ದಿಕ್ಕಿಗೂ ಒಂದೇ ಸಮ ಹೋಗುತ್ತದೆ. ತಗಡು ಸಿಗದಿದ್ದರೆ ಕರೆಂಟು ಸುಮ್ಮನಿರುವುದಿಲ್ಲ, ಕೇಬಲ್ಲಿನ ಹೊರಮೈ ಹಿಡಿದು ಗಾಡಿಯೊಳಕ್ಕೆ ವಾಪಸು ಬರುತ್ತದೆ. ಆಗ ಮೈಕ್ ಹಿಡಿದವರ ತುಟಿಗೆ ಚುರುಕ್ಕೆನ್ನುವುದು, ಸ್ಪೀಕರ್‌ನಲ್ಲಿ ಗರಗರ ಸದ್ದು, ಡ್ಯಾಶ್‌ಬೋರ್ಡಿನ ದೀಪಗಳು ತಾವಾಗಿ ಮಿನುಗುವುದು, ಇವೆಲ್ಲ ಶುರು. ಅದನ್ನು ಕಡ್ಡಿಯ ಉದ್ದ ತಿದ್ದಿ ಸರಿಪಡಿಸಲು ಆಗದು.

ಹೀಗಾಗಿ ಕಡ್ಡಿ ಎಲ್ಲಿ ನಿಲ್ಲಬೇಕು ಎಂಬುದೇ ಟ್ಯೂನಿಂಗಿನ ಮೊದಲ ಹೆಜ್ಜೆ. ಛಾವಣಿಯ ನಟ್ಟನಡುವೆ ತೂತು ಕೊರೆದು ಕೂರಿಸುವುದು ಅತ್ಯುತ್ತಮ. ಗಾಡಿಗೆ ತೂತು ಹಾಕಲು ಮನಸ್ಸಿಲ್ಲದವರಿಗೆ ಛಾವಣಿಯ ನಡುವೆ ಮ್ಯಾಗ್ನೆಟ್ ಬೇಸ್ ಎರಡನೆಯದು. ಬಾನೆಟ್ ಅಂಚು, ಹಿಂಬಾಗಿಲಿನ ಅಂಚು ಮೂರನೆಯದು. ಬಂಪರ್ ಕೊನೆಯದು, ಏಕೆಂದರೆ ಅಲ್ಲಿ ಕಡ್ಡಿಯ ಒಂದು ಮಗ್ಗುಲಿಗೆ ಗಾಡಿ, ಇನ್ನೊಂದು ಮಗ್ಗುಲಿಗೆ ಬರೀ ಗಾಳಿ. ಸಿಗ್ನಲ್ ಗಾಡಿಯ ಮೈ ಚಾಚಿದ ದಿಕ್ಕಿಗೆ ವಾಲಿಕೊಳ್ಳುತ್ತದೆ. ಹಿಂಬದಿಯ ಬಲಮೂಲೆಗೆ ಕಟ್ಟಿದ ಕಡ್ಡಿ ಮುಂದಿನ ಎಡಮೂಲೆಯ ದಿಕ್ಕಿಗೆ ಚೆನ್ನಾಗಿಯೂ ಉಳಿದ ದಿಕ್ಕುಗಳಿಗೆ ಸೊರಗಿಯೂ ಕೇಳಿಸುವುದು ಇದರಿಂದಲೇ. ಟಾರ್ಪಾಲಿನ ಮೇಲುಹೊದಿಕೆಯ ಜೀಪು, ಫೈಬರ್ ಛಾವಣಿಯ ಗಾಡಿ, ಗಾಜಿನ ಸನ್‌ರೂಫ್ ಇರುವ ಕಾರುಗಳಲ್ಲಿ ತಗಡನ್ನು ನಾವೇ ಒದಗಿಸಬೇಕಾಗುತ್ತದೆ: ಕ್ಯಾರಿಯರ್ ಮೇಲೆ ಒಂದು ಮೀಟರ್ ಚೌಕದ ತಗಡು ಬಿಗಿದು ಅದರ ನಡುವೆ ಬುಡ ಕೂರಿಸಿದರೆ ಕೆಲಸ ನಡೆಯುತ್ತದೆ. ಅಲ್ಯೂಮಿನಿಯಂ ಛಾವಣಿಗೆ ಮ್ಯಾಗ್ನೆಟ್ ಅಂಟುವುದೇ ಇಲ್ಲ ಎಂಬುದನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಎರಡನೆಯ ಹೆಜ್ಜೆ ಅರ್ತ್. ಬಾನೆಟ್ಟು ಅಥವಾ ಹಿಂಬಾಗಿಲಿಗೆ ಕ್ಲ್ಯಾಂಪ್ ಹಾಕಿದವರು ಎಡವುವುದು ಇಲ್ಲಿ. ಕ್ಲ್ಯಾಂಪಿನ ಸಣ್ಣ ಅಲೆನ್ ಸ್ಕ್ರೂ ಪೇಂಟಿನ ಮೇಲೆ ಕೂತಿರುತ್ತದೆ. ಹೊರಗಿನಿಂದ ಬಿಗಿಯಾಗಿಯೇ ಕಾಣುತ್ತದೆ, ವಿದ್ಯುತ್ತಿಗೆ ಮಾತ್ರ ಅಲ್ಲಿ ದಾರಿಯಿಲ್ಲ. ಸ್ಕ್ರೂ ಬಿಚ್ಚಿ, ಅದು ಕೂರುವ ಜಾಗದಲ್ಲಿ ಕಾಳಿನಷ್ಟು ಅಗಲ ಪೇಂಟನ್ನು ಉಪ್ಪುಕಾಗದದಿಂದ ಉಜ್ಜಿ, ಹೊಳೆಯುವ ಲೋಹ ಕಂಡ ಮೇಲೆ ಹಲ್ಲಿರುವ ವಾಷರ್ ಹಾಕಿ ಬಿಗಿಯಬೇಕು. ಆಮೇಲೆ ಸುತ್ತ ಗ್ರೀಸ್ ಸವರಿದರೆ ತುಕ್ಕು ಬಾರದು. ಅಷ್ಟಕ್ಕೇ ಮುಗಿಯದು. ಬಾನೆಟ್ಟೂ ಬಾಗಿಲೂ ಗಾಡಿಯ ಮೈಗೆ ಕೂಡಿರುವುದು ಕೀಲುಗಳ ಮೂಲಕ, ಕೀಲಿನಲ್ಲಿರುವುದು ಗ್ರೀಸು, ಧೂಳು. ಚಪ್ಪಟೆ ತಾಮ್ರದ ಜಾಲರಿಪಟ್ಟಿಯ ಗೇಣುದ್ದದ ತುಂಡನ್ನು ಬಾನೆಟ್ಟಿನಿಂದ ಮೈಗೆ ಎರಡೂ ಕಡೆ ಬೋಲ್ಟ್ ಹಾಕಿ ಜೋಡಿಸಿದರೆ ಆ ಕೊರತೆ ನೀಗುತ್ತದೆ. ಕಡ್ಡಿಯಿಂದ ಒಂದೇ ಒಂದು ಮಿಲಿಮೀಟರ್ ಕತ್ತರಿಸುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡಿ: ಕೇಬಲ್ಲಿನ ಹೊರಜಾಲರಿಗೂ ಗಾಡಿಯ ಮೈಗೂ ನಡುವೆ ಒಂದು ಓಮ್ ಒಳಗೆ ತೋರಿಸಬೇಕು, ನಡುತಂತಿಗೂ ಕಡ್ಡಿಯ ತುದಿಗೂ ಹಾಗೆಯೇ. ನಡುತಂತಿಗೂ ಮೈಗೂ ಸಂಬಂಧ ಇರಬಾರದು. ಇದಕ್ಕೆ ಎರಡು ಅಪವಾದ ಉಂಟು. ಮ್ಯಾಗ್ನೆಟ್ ಬೇಸಿನಲ್ಲಿ ಜಾಲರಿಗೂ ಮೈಗೂ ನೇರ ಸಂಪರ್ಕ ತೋರಿಸುವುದಿಲ್ಲ, ಅಲ್ಲಿ ಪೇಂಟಿನ ಪದರದ ಆಚೀಚೆ ಕೆಪಾಸಿಟರ್ ಏರ್ಪಟ್ಟು ಕರೆಂಟು ದಾಟುತ್ತದೆ. ಬುಡದಲ್ಲಿ ಕಾಯಿಲ್ ಇರುವ ಕೆಲವು ಆಂಟೆನಾಗಳಲ್ಲಿ ನಡುತಂತಿ ಮೈಗೆ ಶಾರ್ಟ್ ಆದಂತೆ ತೋರುತ್ತದೆ, ಅದು ತಯಾರಿಕೆಯೇ ಹಾಗೆ.

ಕೇಬಲ್ಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 50 ಓಮ್‌ನದೇ ಆಗಿರಬೇಕು, ಟಿವಿಯ 75 ಓಮ್ ಕೇಬಲ್ ಬೇಡ. ಬಾಗಿಲ ಸಂದಿಯಲ್ಲಿ ದಿನವೂ ಜಜ್ಜುವಂತೆ ತರಬಾರದು. ಮಿಕ್ಕ ಉದ್ದವನ್ನು ಸೀಟಿನ ಕೆಳಗೆ ಬಿಗಿಯಾಗಿ ಸುತ್ತಿಡುವುದಕ್ಕಿಂತ ಬೇಕಾದಷ್ಟಕ್ಕೆ ಕತ್ತರಿಸಿ ಹೊಸ ಕನೆಕ್ಟರ್ ಹಾಕುವುದು ಲೇಸು.

ಮುಳ್ಳು ಹೇಳುವುದೇನು, ಹೇಳದಿರುವುದೇನು

ಟ್ಯೂನಿಂಗ್ ಮೀಟರಿನ ಹೆಸರು ಎಸ್‌ಡಬ್ಲ್ಯೂಆರ್ ಮೀಟರ್. ಸೆಟ್ಟಿನಿಂದ ಹೊರಟ ಶಕ್ತಿಯಲ್ಲಿ ಎಷ್ಟು ಪಾಲು ಆಂಟೆನಾದಿಂದ ತಿರುಗಿ ಬರುತ್ತಿದೆ ಎಂಬುದರ ಅಳತೆ ಅದು. 1 ಎಂದರೆ ಏನೂ ತಿರುಗಿ ಬರುತ್ತಿಲ್ಲ, 1.5 ಎಂದರೆ ನೂರಕ್ಕೆ 4 ಪಾಲು. 2 ಎಂದರೆ 11. 3 ಎಂದರೆ 25 ಪಾಲು ವಾಪಸು. ಈ ಅಂಕಿಗಳಲ್ಲೇ ಒಂದು ಪಾಠವಿದೆ. 1.5 ಇದ್ದದ್ದನ್ನು ಹೆಣಗಾಡಿ 1.1ಕ್ಕೆ ತಂದರೆ ಉಳಿಯುವುದು ನೂರಕ್ಕೆ ನಾಲ್ಕು ಪಾಲೂ ಅಲ್ಲ. ಎದುರಿನವರ ಕಿವಿಗೆ ಅದು ಗೊತ್ತೇ ಆಗದು. 3 ದಾಟಿದರೆ ಮಾತ್ರ ನಿಜಕ್ಕೂ ತೊಂದರೆ: ಈಗಿನ ಸೆಟ್ಟುಗಳು ತಮ್ಮ ರಕ್ಷಣೆಗೆ ತಾವೇ ಪವರ್ ಇಳಿಸಿಕೊಳ್ಳುತ್ತವೆ, ಆ ರಕ್ಷಣೆ ಇಲ್ಲದ ಹಳೆಯ ಸೆಟ್ಟುಗಳ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುವ ಭಯವಿದೆ. ಆದ್ದರಿಂದ ಮೀಟರೇ ಬೇಡ ಎಂಬುದು ಇಲ್ಲಿಯ ವಾದವಲ್ಲ. ಅದು ಕೊಡುವ ಉತ್ತರ ಯಾವ ಪ್ರಶ್ನೆಗೆ ಎಂಬುದು ತಿಳಿದಿರಬೇಕು ಅಷ್ಟೆ.

ಮುಳ್ಳು 1.1ಕ್ಕೆ ಬಂದು ನಿಂತಿದೆ, ಇನ್ನೇನು ಬೇಕು ಎಂದು ಕೇಳುವವರಿಗೆ ಒಂದು ಲೆಕ್ಕ ಸಾಕು. ಅತ್ಯುತ್ತಮ ತಗಡಿನ ಮೇಲೆ ನಿಂತ ಅಚ್ಚುಕಟ್ಟಾದ ಕಾಲಲೆಯ ಕಡ್ಡಿಯ ರೋಧ ಸುಮಾರು 36 ಓಮ್. 50 ಓಮ್ ಕೇಬಲ್ಲಿಗೆ ಅದನ್ನು ಸಿಕ್ಕಿಸಿದರೆ ಮೀಟರ್ 1.4ರ ಹತ್ತಿರ ತೋರಿಸುತ್ತದೆ. ತಿರುಗಿ ಬರುವುದು ನೂರಕ್ಕೆ ಮೂರು ಪಾಲಿಗೂ ಕಡಿಮೆ, ಉಳಿದ 97 ಪಾಲು ಹೊರಗೆ ಹೋಗುತ್ತದೆ. ಈಗ ಅದೇ ಕಡ್ಡಿಯ ಬುಡದಲ್ಲಿ ಅರ್ತ್ ಕೆಟ್ಟು 14 ಓಮ್‌ನಷ್ಟು ನಷ್ಟ ಸೇರಿಕೊಂಡಿತು ಎನ್ನಿ. 36ಕ್ಕೆ 14 ಸೇರಿ 50 ಆಯಿತು. ಮೀಟರ್ 1 ತೋರಿಸುತ್ತದೆ, ನೋಡಿದವರಿಗೆ ಖುಷಿ. ಆದರೆ ಶಕ್ತಿಯಲ್ಲಿ 72 ಪಾಲು ಮಾತ್ರ ಅಲೆಯಾಗಿ ಹೊರಡುತ್ತದೆ, 28 ಪಾಲು ತುಕ್ಕು ಹಿಡಿದ ಸಂದಿಯನ್ನು ಬಿಸಿಮಾಡುತ್ತದೆ. 1.4 ತೋರಿಸಿದ ಗಾಡಿ 1 ತೋರಿಸಿದ ಗಾಡಿಗಿಂತ ದೂರ ಕೇಳಿಸುತ್ತದೆ. ಇದರ ಪರಮಾವಧಿ ನೋಡಬೇಕೆಂದರೆ ಆಂಟೆನಾ ಕಿತ್ತು ಅಲ್ಲಿ ಸೆಟ್ಟಿನ ಪವರ್ ತಾಳುವ 50 ಓಮ್ ರೆಸಿಸ್ಟರ್ ಇಡಿ. ಮುಳ್ಳು ಒಂದಕ್ಕೆ ಅಂಟಿಕೊಳ್ಳುತ್ತದೆ, ಮಾತು ಮನೆಯಂಗಳವನ್ನೂ ದಾಟುವುದು ಕಷ್ಟ.

ಕೇಬಲ್ಲೂ ಹೀಗೇ ಮರೆಮಾಚುತ್ತದೆ. ಸಾಮಾನ್ಯವಾಗಿ ಗಾಡಿಗೆ ಬಳಸುವ ಆರ್‌ಜಿ-58 ಕೇಬಲ್ ಐದು ಮೀಟರಿಗೆ, ಈ ಬ್ಯಾಂಡಿನಲ್ಲಿ, ಸುಮಾರು ಒಂದು ಡೆಸಿಬೆಲ್ ನುಂಗುತ್ತದೆ. ಹೋಗುವಾಗಲೂ ನುಂಗುತ್ತದೆ, ತಿರುಗಿ ಬರುವಾಗಲೂ ನುಂಗುತ್ತದೆ. ಹಾಗಾಗಿ ಆಂಟೆನಾದ ಬುಡದಲ್ಲಿ 3 ಇರುವುದು ಸೆಟ್ಟಿನ ಹಿಂದೆ 2.3 ಎಂದು ಕಾಣುತ್ತದೆ. ನೀರು ಹೊಕ್ಕು ಹಾಳಾದ ಕೇಬಲ್ ಇನ್ನೂ ಹೆಚ್ಚು ನುಂಗಿ, ಇನ್ನೂ ಒಳ್ಳೆಯ ಅಂಕಿ ತೋರಿಸುತ್ತದೆ. 28 ಮೆಗಾಹರ್ಟ್ಸ್‌ಗೆ ಇಳಿದರೆ ಅರ್ತ್ ನಷ್ಟದ ಮೋಸ ಇನ್ನೂ ಹೆಚ್ಚು. ಅಲ್ಲಿ ಕಾಲಲೆ ಎಂದರೆ ಎರಡೂವರೆ ಮೀಟರಿಗೂ ಮಿಗಿಲು. ಗಾಡಿ ಮೇಲೆ ಅಷ್ಟುದ್ದ ನಿಲ್ಲಿಸಲಾಗದೆ ಒಂದೂಕಾಲು ಮೀಟರಿನ ಕಡ್ಡಿಗೆ ಬುಡದಲ್ಲಿ ಕಾಯಿಲ್ ಸುತ್ತಿ ಮಾರುತ್ತಾರೆ. ಅಷ್ಟು ಗಿಡ್ಡ ಕಡ್ಡಿ ಅಲೆಯಾಗಿ ಬಿಡುವ ಪಾಲಿನ ರೋಧ ಐದಾರು ಓಮ್ ಮಾತ್ರ. ಅದರ ಎದುರು ಅರ್ತಿನ ಪ್ರತಿಯೊಂದು ಓಮ್ ನಷ್ಟವೂ ದುಬಾರಿ. ಅಲ್ಲಿ ಹೆಚ್ಚುವರಿ ಹೊಂದಾಣಿಕೆ ಏನೂ ಇಲ್ಲದೆ ಮೀಟರ್ ಸಲೀಸಾಗಿ 1.1 ತೋರಿಸಿದರೆ ಸಂತೋಷಪಡುವ ಬದಲು ಸಂಶಯಪಡುವುದೇ ಸರಿ.

ಕೈಗೆ ಸ್ಪ್ಯಾನರ್ ಬಂದಾಗ

ಜಾಗ, ಅರ್ತ್, ಕೇಬಲ್ ಮೂರೂ ಸರಿಯಾದ ಮೇಲೆ ಕಡ್ಡಿಯ ಸರದಿ. ಬಯಲಿನಲ್ಲಿ ಗಾಡಿ ನಿಲ್ಲಿಸಿ, ಬಾಗಿಲು, ಬಾನೆಟ್ಟು, ಹಿಂಬಾಗಿಲು ಎಲ್ಲ ಮುಚ್ಚಿ; ತೆರೆದ ಬಾಗಿಲೂ ಅಳತೆ ಕೆಡಿಸುತ್ತದೆ. ನೋಡುತ್ತ ನಿಂತವರನ್ನು ನಾಲ್ಕು ಹೆಜ್ಜೆ ದೂರ ಕಳಿಸಿ. ಸೆಟ್ಟು ಕನಿಷ್ಠ ಪವರ್‌ನಲ್ಲಿರಲಿ, ಚಾನೆಲ್ ಖಾಲಿ ಇದೆಯೇ ಎಂದು ಮೊದಲು ಕೇಳಿಸಿಕೊಂಡು, ಕರೆಸಂಕೇತ ಹೇಳಿ, ಎರಡು ಮೂರು ಸೆಕೆಂಡು ಒತ್ತಿ ಬಿಡಿ. ಬ್ಯಾಂಡಿನ ಕೆಳತುದಿ, ನಡು, ಮೇಲ್ತುದಿ, ಅಂದರೆ 144.1, 145, 145.9ರಲ್ಲಿ ಮೂರು ಅಂಕಿ ಬರೆದುಕೊಳ್ಳಿ. ಕೆಳತುದಿಯಲ್ಲಿ ಅಂಕಿ ಕಡಿಮೆ, ಮೇಲೆ ಹೋದಂತೆ ಏರಿದರೆ ಕಡ್ಡಿ ಉದ್ದವಾಗಿದೆ. ಮೇಲ್ತುದಿಯಲ್ಲಿ ಕಡಿಮೆಯಿದ್ದರೆ ಗಿಡ್ಡವಾಗಿದೆ. ನಡುವೆ ಕಡಿಮೆಯಿದ್ದು ಎರಡು ತುದಿಗಳಲ್ಲಿ ಸಮವಾಗಿ ಏರಿದರೆ ಅಲ್ಲಿಗೆ ಬಿಡಿ. ಮೂರೂ ಕಡೆ 3ಕ್ಕಿಂತ ಮೇಲಿದ್ದರೆ ಕಟಿಂಗ್ ಪ್ಲೈಯರ್ ಕೆಳಗಿಟ್ಟು ಹಿಂದಿನ ಹೆಜ್ಜೆಗಳಿಗೆ ವಾಪಸಾಗಿ. ಅದು ಬಹುಮಟ್ಟಿಗೆ ಅರ್ತಿನದೋ ಕನೆಕ್ಟರಿನದೋ ದೋಷ, ಇಲ್ಲವೇ ಕಡ್ಡಿಯೇ ಬೇರೆ ಬ್ಯಾಂಡಿನದು. ಇನ್ನೊಂದು ಸುಲಭ ಪರೀಕ್ಷೆ: ಮೀಟರ್ ನೋಡುತ್ತ ಕೇಬಲ್ಲನ್ನು ಕೈಯಿಂದ ಹಿಡಿದು ಸರಿಸಿ. ಮುಳ್ಳು ಅಲುಗಾಡಿದರೆ ಕರೆಂಟು ಕೇಬಲ್ಲಿನ ಹೊರಮೈಯಲ್ಲಿ ಹರಿಯುತ್ತಿದೆ, ತಗಡಿನ ಅರ್ಧ ಇನ್ನೂ ಕೂಡಿಕೊಂಡಿಲ್ಲ ಎಂದರ್ಥ.

ಎಷ್ಟು ಕತ್ತರಿಸಬೇಕು ಎಂಬುದಕ್ಕೆ ಅಂದಾಜು ಬೇಡ, ಲೆಕ್ಕವಿದೆ. ಈಗಿನ ಉದ್ದವನ್ನು ಮುಳ್ಳು ಅತಿ ಕೆಳಗಿಳಿದ ಫ್ರೀಕ್ವೆನ್ಸಿಯಿಂದ ಗುಣಿಸಿ, ಬೇಕಾದ ಫ್ರೀಕ್ವೆನ್ಸಿಯಿಂದ ಭಾಗಿಸಿ. 49.8 ಸೆಂಟಿಮೀಟರಿನ ಕಡ್ಡಿ 142.5ರಲ್ಲಿ ಹೊಂದುತ್ತಿದ್ದು ನಮಗೆ 145 ಬೇಕಿದ್ದರೆ ಹೊಸ ಉದ್ದ 48.9, ಅಂದರೆ ಒಂಬತ್ತು ಮಿಲಿಮೀಟರ್ ಹೋಗಬೇಕು. ಒಂದೇ ಏಟಿಗೆ ಬೇಡ, ಮೊದಲು ಐದು ಕತ್ತರಿಸಿ ಅಳೆದು ಆಮೇಲೆ ಉಳಿದದ್ದು. ಈ ಬ್ಯಾಂಡಿನಲ್ಲಿ ಮೂರು ಮಿಲಿಮೀಟರಿಗೆ ಹೆಚ್ಚುಕಡಿಮೆ ಒಂದು ಮೆಗಾಹರ್ಟ್ಸ್ ಸರಿಯುತ್ತದೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಬುಡದಲ್ಲಿ ಅಲೆನ್ ಸ್ಕ್ರೂ ಇದ್ದು ಕಡ್ಡಿ ಮೇಲೆ ಕೆಳಗೆ ಜಾರುವಂತಿದ್ದರೆ ಮೊದಲು ಅದನ್ನೇ ಬಳಸಿ. ಇಲ್ಲೊಂದು ತೊಡಕು: 142.5 ಹ್ಯಾಮ್ ಬ್ಯಾಂಡಿನ ಹೊರಗಿದೆ, ಅಲ್ಲಿ ಸೆಟ್ಟು ಒತ್ತಿ ನೋಡಲು ಅನುಮತಿಯಿಲ್ಲ. ಬರೀ ಎಸ್‌ಡಬ್ಲ್ಯೂಆರ್ ಮೀಟರ್ ಇದ್ದವರು ಬ್ಯಾಂಡಿನೊಳಗಿನ ಮೂರು ಅಂಕಿಗಳ ಓಟ ನೋಡಿ ಎರಡು ಮೂರು ಮಿಲಿಮೀಟರಿನಂತೆ ತಿದ್ದುತ್ತ ಹೋಗಬೇಕು. ನ್ಯಾನೋವಿಎನ್‌ಎ ಎಂಬ ಅಂಗೈಯಗಲದ ಉಪಕರಣ ಇದ್ದರೆ ಸೆಟ್ಟು ಒತ್ತುವ ಗೊಡವೆಯೇ ಇಲ್ಲ; ಅತ್ಯಲ್ಪ ಶಕ್ತಿಯಿಂದ ಇಡೀ ಹರವನ್ನು ಒಮ್ಮೆಗೇ ಅಳೆದು ತಗ್ಗು ಎಲ್ಲಿದೆ ಎಂದು ಪರದೆ ಮೇಲೆ ತೋರಿಸುತ್ತದೆ. ಅದರಲ್ಲಿ ರೋಧವೂ ಓಮ್‌ಗಳಲ್ಲಿ ಕಾಣುವುದರಿಂದ ಬುಡದಲ್ಲಿ ಅಳೆದಾಗ ಬಂದದ್ದು 36ರ ಆಸುಪಾಸಿನದೋ, ನಷ್ಟ ಸೇರಿ 50 ಆದದ್ದೋ ಎಂಬ ಸುಳಿವೂ ಸಿಗುತ್ತದೆ.

ಪವರ್ ಜಾಸ್ತಿ ಮಾಡಿದರಾಗದೆ?

ಇಷ್ಟೆಲ್ಲ ತಾಪತ್ರಯ ಏಕೆ, 5 ವ್ಯಾಟ್ ಬದಲು 50 ವ್ಯಾಟ್ ಸೆಟ್ಟು ತಂದರಾಯಿತು ಎನ್ನುವವರಿದ್ದಾರೆ. ಬಯಲು ಸೀಮೆಯೇ ಅವರಿಗೆ ಉತ್ತರ ಹೇಳುತ್ತದೆ. ಸಮತಟ್ಟಾದ ನೆಲದ ಮೇಲೆ, ನೆಲಕ್ಕೆ ಹತ್ತಿರವಿರುವ ಎರಡು ಆಂಟೆನಾಗಳ ನಡುವೆ ದೂರ ಇಮ್ಮಡಿಯಾದರೆ ಸಿಗ್ನಲ್ ಸುಮಾರು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ನೇರ ಬಂದ ಅಲೆಯನ್ನು ನೆಲಕ್ಕೆ ಬಡಿದು ಬಂದ ಅಲೆ ಅಳಿಸಿಹಾಕತೊಡಗುವುದು ಇದಕ್ಕೆ ಕಾರಣ. ಆ ಲೆಕ್ಕದಲ್ಲಿ ಪವರ್ ಇಮ್ಮಡಿಸಿದರೆ ದೂರ ಹೆಚ್ಚುವುದು ನೂರಕ್ಕೆ 19 ಪಾಲು. ಹತ್ತು ಪಟ್ಟು ಹೆಚ್ಚಿಸಿದರೂ ದೂರ ಎರಡು ಪಟ್ಟಾಗದು. ಅದರಾಚೆಗೆ ಭೂಮಿಯೇ ಬಾಗಿಕೊಂಡಿದೆ. ನೆಲದಿಂದ ಎರಡು ಮೀಟರ್ ಮೇಲಿನ ಆಂಟೆನಾಕ್ಕೆ ರೇಡಿಯೋ ದಿಗಂತ ಸುಮಾರು 5.8 ಕಿಲೋಮೀಟರ್, ಅಂಥ ಎರಡು ಗಾಡಿಗಳ ನಡುವೆ ಹನ್ನೆರಡರ ಒಳಗೆ. ಒಂದು ಕಡೆಯ ಆಂಟೆನಾವನ್ನು ಇಪ್ಪತ್ತು ಮೀಟರ್ ಎತ್ತರದ ಕಂಬಕ್ಕೆ ಏರಿಸಿದರೆ ಅದೇ ಲೆಕ್ಕ 24 ಕಿಲೋಮೀಟರಿಗೆ ಹೋಗುತ್ತದೆ, ಒಂದು ವ್ಯಾಟನ್ನೂ ಕೂಡಿಸದೆ. ಬಂಪರಿನಿಂದ ಛಾವಣಿಗೆ ಕಡ್ಡಿ ಏರಿಸಿದವರಿಗೆ ಎತ್ತರವೂ ಸಿಗುತ್ತದೆ, ತಗಡೂ ಸಿಗುತ್ತದೆ. ಇದಲ್ಲದೆ ಕೇಳಿಸಿಕೊಳ್ಳುವಾಗ ಪವರ್ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಕೆಟ್ಟ ಆಂಟೆನಾಕ್ಕೆ 50 ವ್ಯಾಟ್ ಹಾಕಿದವರ ಮಾತು ಊರಿಗೆಲ್ಲ ಕೇಳಿಸೀತು, ಊರಿನವರ ಉತ್ತರ ಮಾತ್ರ ಅವರಿಗೆ ಕೇಳಿಸದು.

ಇನ್ನೆರಡು ಆಕ್ಷೇಪಗಳನ್ನೂ ಗಮನಿಸಬೇಕು. ಈ ಒಣನೆಲವೇ ಸಿಗ್ನಲ್ ಹೀರುತ್ತದೆ ಎಂಬುದು ಒಂದು. ಚಳ್ಳಕೆರೆ ಭಾಗ ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ಸೀಮೆ ಎಂಬುದು ನಿಜ, ಒಣಮಣ್ಣು ವಿದ್ಯುತ್ತಿಗೆ ಒಳ್ಳೆಯ ದಾರಿಯಲ್ಲ ಎಂಬುದೂ ನಿಜ. ಆದರೆ 145 ಮೆಗಾಹರ್ಟ್ಸ್‌ನಲ್ಲಿ ಛಾವಣಿಯ ಮೇಲಿನ ಆಂಟೆನಾಕ್ಕೆ ನೆಲವಾಗಿ ಒದಗುವುದು ಛಾವಣಿಯೇ. ಚಕ್ರದ ಕೆಳಗೆ ಎರೆಯಿರಲಿ, ಮರಳಿರಲಿ, ಟಾರಿರಲಿ, ಮೀಟರಿನ ಅಂಕಿ ಹೆಚ್ಚುಕಡಿಮೆ ಅದೇ. 28 ಮೆಗಾಹರ್ಟ್ಸ್‌ನಲ್ಲಿ ಗಾಡಿಯ ಮೈ ಅಲೆಗೆ ಹೋಲಿಸಿದರೆ ಚಿಕ್ಕದಾಗುವುದರಿಂದ ಮಣ್ಣಿನ ಪಾತ್ರ ಸ್ವಲ್ಪ ಇದೆ, ಆದರೆ ಅದಕ್ಕೂ ಮದ್ದು ಬಾನೆಟ್ಟು, ಬಾಗಿಲು, ಚಾಸಿಗಳನ್ನು ಜಾಲರಿಪಟ್ಟಿಯಿಂದ ಒಂದಾಗಿಸುವುದೇ. ಕಂಪನಿಯವರೇ ಟ್ಯೂನ್ ಮಾಡಿ ಕಳಿಸಿದ್ದಾರಲ್ಲ ಎಂಬುದು ಎರಡನೆಯದು. ಅವರು ಟ್ಯೂನ್ ಮಾಡಿದ್ದು ತಮ್ಮ ಪರೀಕ್ಷೆಯ ತಗಡಿನ ಮೇಲೆ. ನಿಮ್ಮ ಗಾಡಿಯ ಛಾವಣಿ ಅಷ್ಟೇ ಅಗಲವೂ ಅಖಂಡವೂ ಆಗಿದ್ದರೆ ಅವರ ಅಳತೆ ನಿಮಗೂ ಹೊಂದುತ್ತದೆ, ಆಗ ಏನೂ ಕತ್ತರಿಸಬೇಕಿಲ್ಲ. ಅದೇ ಕಡ್ಡಿ ಬಾನೆಟ್ಟಿನ ಅಂಚಿಗೆ ಬಂದರೆ ಬೇರೆಯೇ ಅಂಕಿ ತೋರಿಸುತ್ತದೆ. ಕಡ್ಡಿ ಬದಲಾಗಿಲ್ಲ, ಉಳಿದರ್ಧ ಬದಲಾಗಿದೆ. ಈ ಆಕ್ಷೇಪ ಇಲ್ಲಿಯ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ.

ಕೊನೆಯ ತೀರ್ಪು ಮೀಟರಿನದಲ್ಲ, ಎದುರಿನ ಸ್ಟೇಷನ್ನಿನದು. ಐದಾರು ಕಿಲೋಮೀಟರ್ ಆಚೆ ಇನ್ನೊಬ್ಬ ಹ್ಯಾಮ್ ಸೆಟ್ಟು ಹಿಡಿದು ಕೂರಲಿ. ಗಾಡಿಯನ್ನು ಒಂದೇ ಜಾಗದಲ್ಲಿ ಕಾಲುಸುತ್ತಿನಂತೆ ನಾಲ್ಕು ದಿಕ್ಕಿಗೆ ತಿರುಗಿಸಿ, ಪ್ರತಿ ಸಲವೂ ಸಿಗ್ನಲ್ ಎಷ್ಟು ಬಂತೆಂದು ಕೇಳಿ ಬರೆದುಕೊಳ್ಳಿ. ನಾಲ್ಕೂ ಸುಮಾರಾಗಿ ಸಮವಿದ್ದರೆ ತಗಡು ಕೆಲಸ ಮಾಡುತ್ತಿದೆ; ಒಂದು ದಿಕ್ಕು ತೀರಾ ಬಡವಾಗಿದ್ದರೆ ಬುಡದ ಜಾಗ ಬದಲಿಸಿ ನೋಡಬೇಕು. ಈ ಪರೀಕ್ಷೆಗೆ ಬಯಲೇ ಬೇಕು. ಮೊಳಕಾಲ್ಮುರಿನ ಕಡೆ, ಜಟಿಂಗ ರಾಮೇಶ್ವರ ಬೆಟ್ಟದಂಥ ಕಲ್ಲುಗುಡ್ಡಗಳ ಮಗ್ಗುಲಲ್ಲಿ ಮಾಡಿದರೆ ಬಂಡೆಗೆ ಬಡಿದು ಬಂದ ಅಲೆಗಳು ಸೇರಿ ಲೆಕ್ಕ ಗೋಜಲಾಗುತ್ತದೆ. ಗಾಡಿ ಒಂದು ಮೊಳ ಸರಿದರೂ ಸಿಗ್ನಲ್ ಏರಿಳಿಯುತ್ತದೆ. ಗುಡ್ಡದ ನೆರಳಿನಲ್ಲಿ ಯಾವ ಆಂಟೆನಾವೂ ಪವಾಡ ಮಾಡದು ಎಂಬುದನ್ನು ಒಪ್ಪಲೇಬೇಕು. ಆದರೆ ಬಯಲಿನಲ್ಲಿ ಸರಿಯಾಗಿದೆ ಎಂದು ಖಾತ್ರಿಯಾದ ಆಂಟೆನಾ ಇದ್ದವರಿಗೆ ಮಾತ್ರ, ಇದು ಗುಡ್ಡದ ತೊಂದರೆಯೇ ಸೈ ಎಂದು ಧೈರ್ಯವಾಗಿ ಹೇಳುವ ಹಕ್ಕಿದೆ.

ಜೋಪಾನದ ಮಾತು ನಾಲ್ಕಿವೆ. ಹೊಲಗಳ ಮೇಲೆ ಜೋತುಬಿದ್ದ ಕರೆಂಟಿನ ತಂತಿಗಳ ಕೆಳಗೆ ಉದ್ದ ಕಡ್ಡಿಯ ಗಾಡಿ ಒಯ್ಯಬೇಡಿ. ಎರಡು ಮೀಟರ್ ಎತ್ತರದ ಜೀಪಿನ ಮೇಲೆ ಎರಡೂವರೆ ಮೀಟರ್ ಕಡ್ಡಿ ನಿಂತರೆ ಅದು ತಂತಿಗೆ ತಾಕುವ ಎತ್ತರ. ಕಲ್ಲುಕ್ವಾರಿಗಳ ಹತ್ತಿರ ಸಿಡಿಮದ್ದಿನ ಎಚ್ಚರಿಕೆ ಫಲಕ ಕಂಡರೆ ಸೆಟ್ಟು ಒತ್ತಬೇಡಿ, ಏಕೆಂದರೆ ವಿದ್ಯುತ್ ಡಿಟೋನೇಟರಿನ ತಂತಿಗಳೇ ಆಂಟೆನಾ ಆಗಿ ಅಲೆಯನ್ನು ಹಿಡಿಯಬಲ್ಲವು. ಮಾತನಾಡುವಾಗ ಯಾರೂ ಕಡ್ಡಿ ಮುಟ್ಟದಂತೆ ನೋಡಿಕೊಳ್ಳಿ, ತುದಿ ತಾಕಿದರೆ ಚರ್ಮ ಸುಡುತ್ತದೆ. ಸೆಟ್ಟಿನ ಪವರ್ ತಂತಿಯನ್ನು ಫ್ಯೂಸ್ ಸಮೇತ ನೇರ ಬ್ಯಾಟರಿಯಿಂದ ತನ್ನಿ, ಆಗ ಆಲ್ಟರ್ನೇಟರಿನ ಕುಂಯ್‌ಗುಟ್ಟುವ ಸದ್ದೂ ಎಷ್ಟೋ ಕಡಿಮೆಯಾಗುತ್ತದೆ.

ಒಮ್ಮೆ ಸರಿಹೋದದ್ದು ಸದಾ ಸರಿಯಿರುವುದಿಲ್ಲ. ದಾರಿಬದಿಯ ಬಳ್ಳಾರಿ ಜಾಲಿಯ ಕೊಂಬೆಗಳು ಬಡಿದು ಬುಡ ಸಡಿಲವಾಗುತ್ತದೆ, ಮ್ಯಾಗ್ನೆಟ್ಟಿನ ಅಡಿಗೆ ಧೂಳು ಸೇರಿ ಪೇಂಟ್ ಉಜ್ಜುತ್ತದೆ, ಮೊದಲ ಮಳೆಗೆ ಕನೆಕ್ಟರಿನೊಳಕ್ಕೆ ನೀರು ಇಳಿಯುತ್ತದೆ. ಆದ್ದರಿಂದ ಸರಿಯಾದ ದಿನದ ಮೂರು ಅಂಕಿಗಳನ್ನೂ ಕಡ್ಡಿಯ ಉದ್ದವನ್ನೂ ಒಂದು ಚೀಟಿಯಲ್ಲಿ ಬರೆದು ಗಾಡಿಯ ದಾಖಲೆಗಳ ಜೊತೆ ಇಟ್ಟಿರಿ. ಮಳೆಗಾಲ ಮುಗಿದಾಗ, ಟಿಂಕರಿಂಗ್ ಮಾಡಿಸಿದಾಗ, ಮೇಲೆ ಕ್ಯಾರಿಯರ್ ಹಾಕಿಸಿದಾಗ ಮತ್ತೊಮ್ಮೆ ಅಳೆಯಿರಿ. ಅಂಕಿ ಏರಿದ್ದರೆ ಅನುಮಾನಿಸುವುದು ಸಹಜ. ಏನೂ ಮಾಡದೆ ತಾನಾಗಿ ಇಳಿದಿದ್ದರೂ ಅಷ್ಟೇ ಅನುಮಾನಿಸಿ, ಎಲ್ಲೋ ನಷ್ಟ ಸೇರಿಕೊಂಡಿರಬಹುದು. ಎರಡೂ ಸಂದರ್ಭದಲ್ಲಿ ಕಡ್ಡಿಯ ಉದ್ದ ಚೀಟಿಯಲ್ಲಿ ಬರೆದಷ್ಟೇ ಇದ್ದರೆ ಅದನ್ನು ಮುಟ್ಟದೆ, ಉಪ್ಪುಕಾಗದ, ಸ್ಪ್ಯಾನರ್, ಮಲ್ಟಿಮೀಟರ್ ಹಿಡಿದು ಬುಡದಿಂದ ಶುರುಮಾಡಿ.